ಹಿರಿಯರ ಹಬ್ಬದ ದಿನವೇ ಹುಳ ಹಣ್ಣಾಗಬೇಕೆ!

ರಿಟೈರಾದ ಮೇಲೆ ಹಳ್ಳಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿರಬಹುದು ಅಂತ ನನಗೆ ಹೇಳಿದ ಮಹಾನುಭಾವ ಇನ್ನೂ ಕೈಗೆ ಸಿಕ್ಕಿಲ್ಲ. ಸಿಕ್ಕಿದರೆ ಬಿಡುವವನಲ್ಲ ನಾನು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುತ್ತಿದ್ದಾಗ ರೈಲು ಬರುವ ಹೊತ್ತಿಗಷ್ಟೇ ಗಲಾಟೆ. ಊರು ಸೇರಿ, ನನ್ನ ಹೆಂಡತಿ ರೇಷ್ಮೆ ಹುಳ ಸಾಕಲು ಶುರುಮಾಡಿದ ಮೇಲೆ ದಿನಕ್ಕೊಂದು ಫಜೀತಿ. ಹೋದ ವರ್ಷ ಪಿತೃಪಕ್ಷದ ಅಮಾವಾಸ್ಯೆಯಂದು ಪಟ್ಟ ಪಾಡು ಮಾತ್ರ ಶತ್ರುವಿಗೂ ಬೇಡ.

ಕ್ಯಾಲೆಂಡರ್

ಬೆಳಿಗ್ಗೆ ಇನ್ನೂ ಕಾಫಿ ಬಾಯಿಗೆ ಹೋಗಿಲ್ಲ, ಹುಳದ ಮನೆಯಿಂದ ಇವಳ ಕೂಗು. "ರೀ, ಬೇಗ ಬನ್ರೀ! ಹುಳ ಹಣ್ಣಾಗ್ಬಿಟ್ಟವೆ!"

ಕಾಫಿ ಲೋಟ ಅಲ್ಲೇ ಬಿಟ್ಟು ಓಡಿದೆ. ಹುಳ ಹಣ್ಣಾಯಿತು ಅಂದರೆ ಸೊಪ್ಪು ತಿನ್ನುವುದು ಬಿಟ್ಟು, ಮೈ ಹೊಳಪಾಗಿ, ನೂಲು ಬಿಡಲು ತಲೆಯೆತ್ತಿ ಆಡಿಸುತ್ತವೆ. ಆಗ ಒಂದೊಂದನ್ನೇ ಆರಿಸಿ ಚಂದ್ರಿಕೆಗೆ, ಅಂದರೆ ಸುರುಳಿ ಪಟ್ಟಿಯ ಆ ಬಿದಿರಿನ ತಟ್ಟೆಗೆ, ಬಿಡಬೇಕು. ತಡವಾದರೆ ಸಿಕ್ಕಲ್ಲೇ ನೂಲು ಉಗುಳಿ ಹಾಳಾಗುತ್ತವೆ. ಇವಳು ಒಂದು ತಿಂಗಳು ನಿದ್ದೆಗೆಟ್ಟು ಸೊಪ್ಪು ಹಾಕಿದ್ದೆಲ್ಲ ಮಣ್ಣುಪಾಲು.

"ಹಿರಿಯರ ಹಬ್ಬ ಇವತ್ತು! ಮನೆ ತುಂಬ ನೆಂಟ್ರು ಬರ್ತಾರೆ. ಇವತ್ತೇ ಹಣ್ಣಾಗ್ಬೇಕಿತ್ತಾ?" ಅಂದೆ.

"ನನ್ನನ್ಯಾಕೆ ಕೇಳ್ತೀರಾ? ಒಳಿಕ್ಕೋಗಿ ಅವಕ್ಕೇ ಕ್ಯಾಲೆಂಡರ್ ತೋರ್ಸಿ."

ಹೊಗೆ

ಹತ್ತು ಗಂಟೆಗೆ ಆಂಡರ್ಸನ್‌ಪೇಟೆಯಿಂದ ನಮ್ಮಕ್ಕ, ಬಾವ ಆಟೋ ಇಳಿದರು. ಹಿಂದೆಯೇ ಉಳಿದ ನೆಂಟರು, ಮಕ್ಕಳು ಮರಿ. ಅಕ್ಕನ ಕೈಯಲ್ಲಿ ಸಾಂಬ್ರಾಣಿ ಪೊಟ್ಟಣ. ಬಾವ ಸೆಂಟು ಹೊಡೆದುಕೊಂಡು ಘಮಘಮ ಅಂತಿದ್ದರು.

ನನ್ನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. ಹೊಗೆ, ಒಗ್ಗರಣೆ ಘಾಟು, ಸೆಂಟು ಯಾವುದೂ ಹುಳಕ್ಕೆ ಆಗಿಬರುವುದಿಲ್ಲ.

"ಧೂಪ ಆಕ್ದೆ ಅಪ್ಪ ಅಮ್ಮ ಹೆಂಗ್ ಬತ್ತಾರೋ? ಅಯ್ಯೋ ಕಡವುಳೇ!" ಅಂತ ಅಕ್ಕ ನನ್ನ ಮೇಲೆ ಹರಿಹಾಯ್ದಳು. ತಮಿಳರ ನಡುವೆ ಬಾಳಿದ ಆಂಡರ್ಸನ್‌ಪೇಟೆಯವಳಿಗೆ ಸಿಟ್ಟು ಬಂದರೆ ದೇವರು ತಮಿಳಿನಲ್ಲೇ ಬರುವುದು.

ಇತ್ತ ಹೆಂಡತಿ, ಅತ್ತ ಅಕ್ಕ. ಕೊನೆಗೆ ಹಿಪ್ಪುನೇರಳೆ ತೋಟದ ಆಚೆ ಬದಿಗೆ ಒಲೆ ಹೂಡುವುದು ಅಂತಾಯಿತು. ಇವಳು ಅಲ್ಲಿ ಸಾರಿಗೆ ಖಾರ ಹಾಕಿ, ಕೈ ತೊಳೆದು, ಹುಳದ ಮನೆಗೆ ಓಡುತ್ತಿದ್ದಳು. ನನ್ನ ಕೆಲಸ ಗಾಳಿ ಕಾಯುವುದು. ವಡೆ ಎಣ್ಣೆಗೆ ಬೀಳುವ ಹೊತ್ತಿಗೆ ಸರಿಯಾಗಿ ಗಾಳಿ ಹುಳದ ಮನೆ ಕಡೆ ತಿರುಗಿತು. "ಎತ್ರೋ ಒಲೇನ!" ಅಂತ ಕಿರುಚಿದೆ. ಕಾದ ಎಣ್ಣೆ ಬಾಣಲೆ ಹಿಡಿದುಕೊಂಡು ನಾಲ್ಕು ಜನ ತೋಟದ ಇನ್ನೊಂದು ಮೂಲೆಗೆ ನಡೆದರು. ಯಾರ ಕಾಲ ಮೇಲೆ ಚೆಲ್ಲುತ್ತೋ ಅಂತ ನನ್ನ ಜೀವ ಹಾರಿಹೋಗಿತ್ತು.

ಬಾವನನ್ನು ಬೋರ್‌ವೆಲ್ ತೊಟ್ಟಿಯ ಹತ್ತಿರ ಕೂರಿಸಿ ಸೀಗೆಪುಡಿ ಹಾಕಿ ತಿಕ್ಕಿದ್ದಾಯಿತು. ಇವಳು ಬಂದು ಮೂಸಿ ನೋಡಿ, "ಇನ್ನೂ ಐತೆ, ಇನ್ನೊಂದ್ ಸಲ," ಅಂದಳು.

ನಡುಗುತ್ತಾ ಬಾವ ಅಂದರು, "ನನ್ ಮದ್ವೇಲೂ ಇಷ್ಟು ತೊಳ್ದಿರ್ಲಿಲ್ವಲ್ಲಯ್ಯಾ!"

ಸೀರೆ

ಇಬ್ಬರ ಕೈಯಲ್ಲಿ ಮುಗಿಯುವ ಹುಳವಲ್ಲ. ಕೂಲಿಗೆ ಕರೆದರೆ ಯಾರು ಬರುತ್ತಾರೆ? ಊರಿನವರೆಲ್ಲ ಅವರವರ ಹಿರಿಯರ ಹಿಂದೆ ಬಿದ್ದಿದ್ದಾರೆ. ಇವಳು ಅಡುಗೆ ಇಳಿಸಿ ಬಂದವಳೇ ನೆಂಟರನ್ನೆಲ್ಲ ಸಾಲಾಗಿ ಕೂರಿಸಿದಳು. ಆಗಲೇ ಮೂಲೆಯ ಹುಳಗಳು ಸೊಪ್ಪಿಗೇ ನೂಲು ಹಚ್ಚಲು ಶುರುಮಾಡಿದ್ದವು. ಇವಳ ಮುಖ ನೋಡಲಾಗಲಿಲ್ಲ ನನಗೆ.

ಅಕ್ಕ ಮಾತ್ರ ರೇಷ್ಮೆ ಸೀರೆ ಎತ್ತಿಕಟ್ಟಿಕೊಂಡು ದೂರ ನಿಂತಳು. "ಥೂ, ಲೊಳಲೊಳ ಅಂತವೆ. ನಾನು ಮುಟ್ಟಾಕಿಲ್ಲಮ್ಮ!"

ಇವಳು ತಲೆಯೆತ್ತದೆ ಕೇಳಿದಳು, "ಅಕ್ಕಾ, ಅವು ಉಗುಳಿದ್ದು ಮೈಮೇಲೆ ಸುತ್ಕೊಂಡಿದ್ದೀರಲ್ಲಾ, ಅದು ಅಸಹ್ಯ ಆಗ್ಲಿಲ್ವಾ?"

ಅಕ್ಕ ಸೆರಗು ಸಿಕ್ಕಿಸಿಕೊಂಡು ಬಂದು ಕೂತಳು. ಆಮೇಲೆ ಎಲ್ಲರಿಗಿಂತ ಜೋರಾಗಿ ಆರಿಸಿದವಳೂ ಅವಳೇ.

ಕಾಗೆ

ಮಧ್ಯಾಹ್ನ ಮೂರು ದಾಟಿತ್ತು. ಕೊನೆಯ ಹುಳವೂ ಚಂದ್ರಿಕೆ ಹತ್ತಿತು. ಅಂಗಳದ ಚಪ್ಪರದ ಕೆಳಗೆ ಚಂದ್ರಿಕೆಗಳನ್ನು ಓರೆಯಾಗಿ ನಿಲ್ಲಿಸಿ ಉಸ್ಸಪ್ಪಾ ಅಂದೆವು. ಇನ್ನು ಎಡೆ ಇಟ್ಟು ಊಟ ಮಾಡುವುದೊಂದೇ ಬಾಕಿ.

ಬಾಕಿ ಇದ್ದದ್ದೇ ದೊಡ್ಡದು. ಬಾವ ತಾರಸಿಯ ಮೇಲೆ ಎಡೆ ಇಟ್ಟು, "ಕಾ ಕಾ ಕಾ" ಅಂತ ಕರೆಯತೊಡಗಿದರು. ಕಾಗೆ ಮುಟ್ಟದೆ ನಾವು ಒಂದಗಳು ಬಾಯಿಗಿಡುವಂತಿಲ್ಲ. ಕೆಳಗೆ ಅಂಗಳದಲ್ಲಿ ನನ್ನ ಹೆಂಡತಿ ಉದ್ದನೆ ಕೋಲು ಹಿಡಿದು ನಿಂತಿದ್ದಳು. ಹಣ್ಣಾದ ಹುಳ ಕಂಡರೆ ಕಾಗೆ ಬಿಡುವುದಿಲ್ಲ.

ಮೇಲಿನಿಂದ "ಕಾ ಕಾ, ಬನ್ನಿ ಬನ್ನಿ!" ಕೆಳಗಿನಿಂದ "ಉಷ್! ಓಗ್ ಅತ್ಲಾಗೆ!"

ಬಂದ ಕಾಗೆಗಳು ತೆಂಗಿನ ಮರದಲ್ಲಿ ಕೂತು ನಮ್ಮನ್ನೇ ನೋಡುತ್ತಿದ್ದವು. ಮಕ್ಕಳು ಹಸಿವಿಗೆ ಅಳಲು ಶುರುಮಾಡಿದವು. ಅಕ್ಕನ ಕಣ್ಣಲ್ಲೂ ನೀರು. "ಧೂಪ ಬ್ಯಾಡ ಅಂದ್ರಿ. ಅಮ್ಮನ್ಗೆ ಸಿಟ್ಟು ಬಂದೈತೆ. ಅದ್ಕೇ ಬತ್ತಾ ಇಲ್ಲ."

"ಸ್ವಲ್ಪ ಹೊತ್ತು ಕೋಲು ಕೆಳಗಿಡೇ," ಅಂತ ನಾನು ಗೋಗರೆದೆ.

"ನನ್ ಹುಳ ನೀವ್ ಕಾಯ್ತೀರಾ?" ಅಂದಳು. ಕೋಲನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. ನನಗೆ ಇಬ್ಬರ ಮೇಲೂ ಅಯ್ಯೋ ಅನ್ನಿಸಿತು. ಯಾರ ಪರ ನಿಂತರೂ ನನಗೆ ಉಳಿಗಾಲವಿಲ್ಲ.

ಅಷ್ಟರಲ್ಲಿ ಒಂದು ಮುದಿ ಕಾಗೆ ತಾರಸಿಯ ಮೇಲೆ ಬಂದಿಳಿಯಿತು. ಬಾವ ಎಡೆಯಿಂದ ಎರಡು ಹೆಜ್ಜೆ ಹಿಂದೆ ಸರಿದರು. ಅದು ಕೋಳಿ ಸಾರಿನ ಸುತ್ತ ಒಂದು ಸುತ್ತು ಬಂತು. ವಡೆಯನ್ನು ಕುಕ್ಕಲಿಲ್ಲ, ಪಾಯಸ ಮೂಸಲಿಲ್ಲ. ನೇರ ಅಂಗಳಕ್ಕೆ ಹಾರಿ, ಚಂದ್ರಿಕೆಯಿಂದ ದಪ್ಪನೆಯ ಹುಳವೊಂದನ್ನು ಕಿತ್ತುಕೊಂಡಿತು.

ಇವಳು ಕೋಲೆತ್ತಿದಳು. ಅಕ್ಕ ಓಡಿಹೋಗಿ ಕೋಲು ಹಿಡಿದುಕೊಂಡು, "ಒಡೀಬ್ಯಾಡ ಕಣೇ! ನಮ್ಮಮ್ಮ ಕಣೇ ಅದು!" ಅಂತ ಕಿರುಚಿದಳು.

ನನ್ನ ಹೆಂಡತಿಗೆ ಬೆಳಗಿನಿಂದ ತಡೆದಿದ್ದದ್ದೆಲ್ಲ ಒಟ್ಟಿಗೇ ಬಂತು. "ನಿಮ್ಮಮ್ಮ ಆದ್ರೆ ಎಡೇಲಿರೋದು ತಿನ್ಲಿ! ಬದುಕಿರೋಗಂಟ ನಾನ್ ಮಾಡಿದ್ ಅಡುಗೆ ಒಂದು ತುತ್ತು ಬಾಯಿಗಿಕ್ಲಿಲ್ಲ. ಈಗ್ಲೂ ಅದೇ ಬುದ್ಧಿ. ನನ್ ಸಾರು ಬಿಟ್ಟು ಹುಳಾನಾದ್ರೂ ತಿಂತಾಳೆ!"

ಹಬ್ಬವೂ ಹೋಯಿತು, ನೆಂಟಸ್ತನವೂ ಹೋಯಿತು ಅಂದುಕೊಂಡೆ.

ಅಕ್ಕ ಒಂದು ಕ್ಷಣ ಯೋಚಿಸಿದಳು. ಕೋಲು ಬಿಟ್ಟಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ತಾರಸಿಯ ಕಡೆ ಮುಖ ಮಾಡಿ ಕೂಗಿದಳು:

"ರೀ, ಇಳ್ದು ಬನ್ರೀ! ಅನುಮಾನ್ವೇ ಇಲ್ಲ, ಅಮ್ಮನೇ ಬಂದಿರೋದು. ಎಲೆ ಆಕ್ರಿ!"