ಎಸ್‌ಟಿ ಹತ್ತಿದ ಹರಳು

ಕೊಲ್ಹಾಪುರದ ಲ್ಯಾಬಿನಲ್ಲಿ ಏಸಿ ಕೆಟ್ಟದ್ದೇ ಎಲ್ಲಕ್ಕೂ ಮೂಲ. ಸಂಶೋಧನೆ ಮಾಡುತ್ತಿದ್ದ ಮನಾಲಿ ತನ್ನ ಪ್ಲಾಸ್ಟಿಕ್ ತಟ್ಟೆಯನ್ನು ಗಡಹಿಂಗ್ಲಜ ತಾಲೂಕಿನ ತನ್ನೂರು ನೂಲಕ್ಕೆ ಒಯ್ದು, ಮನೆಯಲ್ಲೇ ಎಲ್ಲಕ್ಕಿಂತ ತಂಪಾದ ದೇವರಮನೆಯಲ್ಲಿಟ್ಟಳು. ತಟ್ಟೆಯ ಹನಿಗಳಲ್ಲಿದ್ದದ್ದು ಕೊಕೇನನ್ನು ಹಿಡಿದು ಎರಡು ತುಂಡು ಮಾಡುವ ಪ್ರತಿಕಾಯ. ಅದರ ಬಾಯಿ ಎಂಥದು, ಎಲ್ಲಿ ಕಚ್ಚುತ್ತದೆ ಎಂದು ತಿಳಿಯಬೇಕಾದರೆ ಅದು ಮೊದಲು ಹರಳಾಗಬೇಕು, ಹರಳಿಗೆ ಎಕ್ಸ್-ರೇ ಹಾಯಿಸಬೇಕು. ಲ್ಯಾಬಿನಲ್ಲಿ ಎರಡು ವರ್ಷ ಆಗದ ಹರಳು ದೇವರ ಮುಂದೆ ನಲವತ್ತೇ ದಿನಕ್ಕೆ ಆಯಿತು. ಒಂದೇ ಒಂದು, ಸಾಸಿವೆಗಿಂತ ಸಣ್ಣದು.

ಅಲುಗಿದರೆ ಅದು ಒಡೆಯುತ್ತದೆ. ಎಕ್ಸ್-ರೇ ಯಂತ್ರ ಅವಳಿಗೆ ಸಿಕ್ಕಿದ್ದು ಇವತ್ತು ಒಂದು ಗಂಟೆಗೆ, ಅರ್ಧ ತಾಸು. ತಪ್ಪಿದರೆ ಮುಂದಿನ ಸರದಿಯ ಹೊತ್ತಿಗೆ ಪ್ರಬಂಧದ ಗಡುವೇ ಮುಗಿದಿರುತ್ತದೆ.

ಕೊಲ್ಹಾಪುರಕ್ಕೆ ಹೊರಟ ಎಸ್‌ಟಿ ಬಸ್ಸಿನಲ್ಲಿ ಅವಳು ಕೂರಲಿಲ್ಲ. ತಟ್ಟೆಯಿದ್ದ ಡಬ್ಬಿಯನ್ನು ಎದೆಯ ಮಟ್ಟಕ್ಕೆ ಹಿಡಿದು, ಮೊಣಕಾಲು ಸಡಿಲಬಿಟ್ಟು, ತುಂಬಿದ ಕೊಡ ಹೊತ್ತವಳಂತೆ ನಿಂತಳು.

"ಸೀಟ ಖಾಲಿ ಐತಿ, ಕೂಡಬಾರದೇನವಾ? ಏನೈತಿ ಅದರಾಗ?" ನೆರೆಮನೆಯ ಚಂಪಾಬಾಯಿ ಕೇಳಿದಳು. ಪಕ್ಕದಲ್ಲಿ ಅವಳ ಗಂಡ ಕೃಷ್ಣಾತ ಬೆಳಗಿನ ಕುಡಿತವನ್ನು ಆಗಲೇ ಮುಗಿಸಿ ತೂಕಡಿಸುತ್ತಿದ್ದ.

"ನಶಾ ಮುರಿಯೂದು, ಕಾಕು."

ಹೇಳಬಾರದಿತ್ತು.

"ಅಯ್ಯ! ಒಂದ ಹನಿ ಇವಂಗ ಹಾಕವಾ, ನಿಂಗ ಪುಣ್ಯಾ ಬರ್ತೈತಿ!"

"ಇದು ದಾರೂಗಲ್ಲ ಕಾಕು, ಕೊಕೇನ್‌ಗ."

"ನಶಾ ಅಂದ್ರ ನಶಾ. ಹೆಸರ ತಗೊಂಡ ಏನ ಮಾಡೂದೈತಿ?"

ಹಿಂದಿನ ಸೀಟಿನ ಉತ್ತೂರದ ಹೆಂಗಸಿಗೆ ಕುಡುಕ ಮೈದುನನ ನೆನಪಾಯಿತು. ಕಂಡಕ್ಟರನಿಗೆ ಮಾವನ ನೆನಪಾಯಿತು. "ಡ್ರೈವರ್ ಮಾಮಾ, ಹಳೂ ಚಾಲವಾ! ಔಷಧ ಆಹೇ!" ಎಂದು, ನಿಧಾನ ಹೊಡೆಯಲು ಮರಾಠಿಯಲ್ಲಿ ಕೂಗಿದ. ಡ್ರೈವರನಿಗೂ ಒಬ್ಬ ತಮ್ಮನಿದ್ದ. ಬಸ್ಸು ತುಂಬು ಬಸುರಿಯಂತೆ ನಡೆಯತೊಡಗಿತು.

ಕಾಗಲ ಬರುವಷ್ಟರಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಹಾರ್ನ್ ಹೊಡೆದು ಮುಂದೆ ಹೋಯಿತು.

"ಇನ್ನ ಸ್ವಲ್ಪ ಜೋರ ಹೊಡೀರಿ, ನಂಗ ಟೈಮ್ ಆಗೇತಿ!" ಮನಾಲಿ ಅಂಗಲಾಚಿದಳು.

"ಸುಮ್ನಿರವಾ," ಇಡೀ ಬಸ್ಸು ಗದರಿತು. "ಔಷಧ ಒಡದ ಹೋದ್ರ?"

ಕೊಲ್ಹಾಪುರ ಮುಟ್ಟಿದಾಗ ಒಂದು ಗಂಟೆ ಹತ್ತು ನಿಮಿಷ. ಓಡುವಂತಿಲ್ಲ, ಹರಳು ಅಲುಗುತ್ತದೆ. ರಿಕ್ಷಾ ಹತ್ತುವಂತಿಲ್ಲ, ಅದು ಅಲುಗಿಸಲೆಂದೇ ಹುಟ್ಟಿದ ವಾಹನ. ಹಲ್ಲು ಕಚ್ಚಿ ನಡೆದಳು. ಚಂಪಾಬಾಯಿ ಗಂಡನ ಕೈ ಹಿಡಿದು ಹಿಂದೆಯೇ ಬಂದಳು.

ಲ್ಯಾಬ್ ಸೇರಿದಾಗ ಐದು ನಿಮಿಷ ಉಳಿದಿತ್ತು. ಹರಳು ಒಡೆದಿರಲಿಲ್ಲ. ಒಂದು ಸೀಳೂ ಇರಲಿಲ್ಲ. ಅದನ್ನು ಯಂತ್ರಕ್ಕೆ ಏರಿಸಿದಳು.

ಪ್ರತಿಕಾಯದ ಹರಳಿಗೆ ಪರದೆಯ ಮೇಲೆ ಸಾವಿರ ಚುಕ್ಕೆ ಬೀಳಬೇಕಿತ್ತು. ಬಿದ್ದದ್ದು ಏಳು.

ಯಂತ್ರ ನೋಡಿಕೊಳ್ಳುವ ಶ್ರೀಪಾಲ ಸರ್ ಕನ್ನಡಕ ತೆಗೆದರು. "ಮನಾಲಿ, ಇದು ಪ್ರತಿಕಾಯ ಅಲ್ಲ. ದ್ರಾವಣದಾಗ ಹಾಕಿದ್ದ್ಯಲ್ಲಾ, ಆ ಉಪ್ಪು ಹರಳಾಗೇತಿ. ಅದಕ್ಕ ಒಡೀಲಿಲ್ಲ."

ಹೊರಗೆ ಬಾಗಿಲಲ್ಲೇ ಚಂಪಾಬಾಯಿ. "ಏನಂದ್ರವಾ ಸರ್?"

"ಬರೇ ಉಪ್ಪಂತ, ಕಾಕು."

ಚಂಪಾಬಾಯಿಯ ಮುಖ ಅರಳಿತು. "ಭಾಳ ಛಲೋ ಆತು. ಹಂಗಂದ್ರ ಪಥ್ಯಾ ಏನೂ ಇಲ್ಲ. ದಿನಾ ಎಷ್ಟ ಚಮಚಿ ಕೊಡ್ಲಿ?"

ಕೃಷ್ಣಾತ ಅಂದು ಮೊದಲ ಸಲ ಕಣ್ಣು ಪೂರ್ತಿ ತೆರೆದ.

"ಶೇಂಗಾದ ಮ್ಯಾಲ ಹಾಕ್ಕೊಡ," ಎಂದ. "ಕುಡಿಯೂವಾಗ ತಗೋತೇನಿ."