ಅಪಸ್ವರದ ಬೇಟೆ

ಸಾಬೂನು ಕಾರ್ಖಾನೆಯ ಉಗ್ರಾಣದ ಗುಮಾಸ್ತರು ಅಂದು ತೆಪ್ಪಗೆ ಬಿಸ್ಕತ್ತು ತಿಂದುಕೊಂಡು ಕೂತಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಕಾರ್ಖಾನೆಯ ವಾರ್ಷಿಕೋತ್ಸವದಲ್ಲಿ ಕೆಲಸಗಾರರೆಲ್ಲ ಸೇರಿ ಒಂದು ಹಾಡು ಹೇಳಿದ್ದರು. ಚಪ್ಪಾಳೆ ಮುಗಿದ ಮೇಲೆ ಗುಮಾಸ್ತರು ತುಟಿಯಂಚಿನ ಪುಡಿ ಒರೆಸಿಕೊಳ್ಳುತ್ತ, "ಚೆನ್ನಾಗಿತ್ತು. ಶ್ರುತಿ ಮಾತ್ರ ಒಂಚೂರು ಇಳೀತು" ಅಂದುಬಿಟ್ಟರು.

ಶ್ರುತಿ ಎಂಬ ಪದ ಆ ಕಟ್ಟಡದಲ್ಲಿ ಅದುವರೆಗೆ ಯಾರ ಬಾಯಿಂದಲೂ ಬಂದಿರಲಿಲ್ಲ. ಮ್ಯಾನೇಜರು ಬೆರಗಾಗಿ, "ನಮ್ಮಲ್ಲೇ ಒಬ್ರು ಸಂಗೀತಗಾರರನ್ನ ಇಟ್ಕೊಂಡು ಗೊತ್ತೇ ಇರ್ಲಿಲ್ವಲ್ರೀ!" ಎಂದು ಅವರ ಬೆನ್ನು ತಟ್ಟಿದರು. ಮರುದಿನವೇ ಕಾರ್ಖಾನೆಗೊಂದು ಗಾಯನವೃಂದ ಹುಟ್ಟಿತು, ಗುಮಾಸ್ತರು ಅದರ ಮೇಷ್ಟ್ರಾದರು.

ಆ ಕೆಲಸ ಅವರಿಗೆ ಎಷ್ಟು ಹಿಡಿಸಿತೆಂದರೆ, ವಾರವೆಲ್ಲ ಅಭ್ಯಾಸದ ದಿನಕ್ಕಾಗಿಯೇ ಕಾಯುತ್ತಿದ್ದರು. ಮನೆಯಲ್ಲಿ ಅವರು ಮಾತಾಡಿದರೆ ಹೆಂಡತಿ ತಲೆ ಎತ್ತುತ್ತಿರಲಿಲ್ಲ. ಉಗ್ರಾಣದಲ್ಲಿ ಅವರನ್ನು ಕಂಡರೆ ಇಲಿಗಳೂ ಓಡುತ್ತಿರಲಿಲ್ಲ. ಆದರೆ ಇಲ್ಲಿ ಅವರು ಕೈ ಎತ್ತಿದರೆ ಅಷ್ಟೂ ಜನ ಉಸಿರು ಬಿಗಿಹಿಡಿದು ನಿಲ್ಲುವರು, ಕೈ ಇಳಿಸಿದರೆ ಒಕ್ಕೊರಲಿನಲ್ಲಿ ಹಾಡುವರು! ಕಣ್ಣು ಮುಚ್ಚಿ, ತಲೆದೂಗುತ್ತ, ತಾವೂ ಜತೆಗೆ ಹಾಡುತ್ತ ಮೇಷ್ಟ್ರು ಬಿಸಿನೀರಿನ ತೊಟ್ಟಿಗಿಳಿದವರಂತೆ ಆ ಸುಖದಲ್ಲಿ ಮುಳುಗಿಬಿಡುತ್ತಿದ್ದರು.

ಹೀಗಿರುವಾಗ ಒಂದು ದಿನ ಬೆಳಗಿನ ಜಾವ ಕಾರ್ಖಾನೆಯ ಯಜಮಾನರು ಮಲಗಿದಲ್ಲೇ ತೀರಿಕೊಂಡರು.

ಮ್ಯಾನೇಜರು ಮೇಷ್ಟ್ರನ್ನು ಕೋಣೆಗೆ ಕರೆಸಿದರು. "ಸಾಯಂಕಾಲ ಪ್ಯಾಕಿಂಗ್ ಹಾಲ್‌ಗೆ ದೇಹ ತರ್ತಾರೆ. ನಿಮ್ಮ ತಂಡ ಒಂದು ಹಾಡು ಹೇಳ್ಬೇಕು."

"ಆಗ್ಲಿ ಸಾರ್."

"ಸುಮ್ನೆ ಆಗ್ಲಿ ಅನ್ಬೇಡಿ. ಇನ್ಮೇಲೆ ಎಲ್ಲಾ ಯಜಮಾನ್ರ ಹೆಂಡ್ತಿ, ನಮ್ಮ ಅಮ್ಮಾವ್ರ ಕೈಲಿ. ಉಗ್ರಾಣಕ್ಕೆ ಇಬ್ಬಿಬ್ರು ಗುಮಾಸ್ತರು ಯಾಕೆ ಅಂತ ಆಗ್ಲೇ ಕೇಳಿದಾರೆ. ಅಲ್ಲೇನಾದ್ರೂ ಅಪಸ್ವರ ಬಂತು ಅಂದ್ರೆ, ಯಾರನ್ನ ಕಳಿಸೋದು ಅಂತ ಅವ್ರು ಯೋಚ್ನೆ ಮಾಡೋ ಹಾಗೂ ಇರಲ್ಲ."

ಮೇಷ್ಟ್ರು ಕೂಡಲೇ ತಂಡವನ್ನು ಉಗ್ರಾಣದ ಮೂಟೆಗಳ ನಡುವೆ ಸೇರಿಸಿ ಅಭ್ಯಾಸಕ್ಕೆ ಹಚ್ಚಿದರು. ಮೊದಲ ಸಾಲು ಮುಗಿಯುವಷ್ಟರಲ್ಲಿ ಟೆಲಿಫೋನಿನ ಅಕ್ಕ ಕೈ ಎತ್ತಿದಳು.

"ಮೇಷ್ಟ್ರೇ, ಯಾರದೋ ದನಿ ಕರಕರ ಅಂತಿದೆ. ಎಣ್ಣೆ ಕಾಣದ ಗೇಟು ತೆಗೆದಂಗೆ."

"ಹೌದೌದು, ನನಗೂ ಕೇಳಿಸ್ತು" ಎಂದ ಕ್ಯಾಷಿಯರು.

ಮೇಷ್ಟ್ರಿಗೆ ಏನೂ ಕೇಳಿಸಿರಲಿಲ್ಲ. ಹಾಗೆಂದು ಒಪ್ಪಿಕೊಂಡರೆ ಮೇಷ್ಟ್ರತನ ಉಳಿಯುತ್ತದೆಯೇ? "ನಾನೂ ಆಗಿಂದ ಗಮನಿಸ್ತಾನೇ ಇದೀನಿ" ಎಂದು ಗಂಭೀರವಾಗಿ ಒಬ್ಬೊಬ್ಬರ ಮುಖ ನೋಡಿದರು. ಕಣ್ಣು ಬಾಯ್ಲರಿನವನ ಮೇಲೆ ನಿಂತಿತು. ಅಷ್ಟು ದಪ್ಪ ಕತ್ತಿನಿಂದ ಸುಸ್ವರ ಬರುವುದು ಅನುಮಾನ. ಅವನನ್ನು ಮೂಟೆಗಳ ಹಿಂದಕ್ಕೆ ಕರೆದು ಪಿಸುಗುಟ್ಟಿದರು. "ನೀನು ಬರೀ ಬಾಯಾಡ್ಸಪ್ಪ. ದನಿ ಬೇಡ. ಯಾರಿಗೂ ಹೇಳ್ಬೇಡ."

ಬಾಯ್ಲರಿನವನ ಕಣ್ಣಲ್ಲಿ ನೀರು ತುಂಬಿತು. "ನನ್ನ ಮಗು ಹೋದಾಗ ಯಜಮಾನ್ರು ಮನೆಗೆ ಬಂದು ನನ್ನ ಪಕ್ಕದಲ್ಲೇ ಕೂತಿದ್ರು ಮೇಷ್ಟ್ರೇ. ಅವ್ರಿಗೆ ನಾನೊಂದು ಹಾಡೂ ಹೇಳ್ಬಾರ್ದಾ?"

ಮೇಷ್ಟ್ರ ಕರುಳು ಚುರ್ ಎಂದಿತು. ಆದರೆ ಸಂಬಳದ ನೆನಪಾಗಿ ಆ ಕರುಳನ್ನು ಸಮಾಧಾನ ಮಾಡಿದರು.

ಎರಡನೆಯ ಸಲ ಹಾಡಿಸಿದರೂ ಕರಕರ ಹೋಗಲಿಲ್ಲ. ಅಲ್ಲಿಂದಾಚೆ ತಂಡದಲ್ಲಿ ಗುಟ್ಟಿನ ಯುದ್ಧ ಶುರುವಾಯಿತು. ಕ್ಯಾಷಿಯರು ಬಂದು ಟೆಲಿಫೋನಿನ ಅಕ್ಕನ ಮೇಲೆ ಚಾಡಿ ಹೇಳಿದ, ಅಕ್ಕ ಬಂದು ಕ್ಯಾಷಿಯರು ಮೂಗಿನಲ್ಲಿ ಹಾಡುತ್ತಾನೆಂದು ಹೇಳಿದಳು. ಮೇಷ್ಟ್ರು ಇಬ್ಬರಿಗೂ ಬೇರೆ ಬೇರೆಯಾಗಿ, "ಬರೀ ಬಾಯಾಡ್ಸಿ, ನಮ್ಮಿಬ್ಬರಲ್ಲೇ ಇರ್ಲಿ" ಎಂದರು. ಆಮೇಲೆ ಅಚ್ಚುಗಳ ವಿಭಾಗದ ಅಣ್ಣತಮ್ಮಂದಿರ ಸರದಿ. ಹಾಡು ತೆಳ್ಳಗಾಗುತ್ತ ಹೋಯಿತು, ಕರಕರ ಮಾತ್ರ ಕೊಬ್ಬುತ್ತ ಬಂತು.

ಅಷ್ಟರಲ್ಲಿ ಮ್ಯಾನೇಜರು ಬಾಗಿಲಲ್ಲಿ ತಲೆ ಹಾಕಿದರು. "ಬಂದ್ರು, ಬಂದ್ರು! ಅದೇನ್ರೀ ಅದು, ಬೆಕ್ಕಿನ ಬಾಲ ತುಳಿದಂಗೆ?"

ಮೇಷ್ಟ್ರು ಹಾಲಿಗೆ ಹೋಗುವ ದಾರಿಯುದ್ದಕ್ಕೂ ಕೈಗೆ ಸಿಕ್ಕವರ ತೋಳು ಜಗ್ಗಿ, "ಬಾಯಾಡ್ಸಿ, ಬರೀ ಬಾಯಾಡ್ಸಿ" ಎಂದು ಕಿವಿಯಲ್ಲಿ ಉಸುರಿದರು. ಯಾರಿಗೆ ಹೇಳಿದೆ, ಯಾರನ್ನು ಬಿಟ್ಟೆ ಎಂಬ ಜ್ಞಾನವೂ ಅವರಿಗೆ ಉಳಿದಿರಲಿಲ್ಲ.

ಸಾಬೂನು ಜೋಡಿಸುವ ಉದ್ದನೆಯ ಮೇಜಿನ ಮೇಲೆ ಯಜಮಾನರು ಬಿಳಿ ಬಟ್ಟೆ ಹೊದ್ದು ಮಲಗಿದ್ದರು. ಹಾಲಿನ ತುಂಬ ಎಂದಿನ ಸಾಬೂನಿನ ಪರಿಮಳ. ತಲೆಯ ಬಳಿ ಕುರ್ಚಿಯಲ್ಲಿ ಅಮ್ಮಾವ್ರು ಕೂತಿದ್ದರು. ಅವರ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ, ಮುಖ ಬೀಗ ಜಡಿದ ಬಾಗಿಲಿನಂತಿತ್ತು.

ಮೇಷ್ಟ್ರು ಕಣ್ಣು ಮುಚ್ಚಿ ಕೈ ಎತ್ತಿದರು. ಇಳಿಸಿದರು. ಇಡೀ ತಂಡ ಗಾಜಿನ ತೊಟ್ಟಿಯ ಮೀನುಗಳಂತೆ ಬಾಯಿ ತೆರೆಯಿತು, ಮುಚ್ಚಿತು. ಒಬ್ಬರ ಗಂಟಲಿಂದಲೂ ದನಿ ಹೊರಡಲಿಲ್ಲ.

ಆದರೂ ಹಾಲಿನಲ್ಲಿ ಹಾಡು ಕೇಳುತ್ತಿತ್ತು. ಎಣ್ಣೆ ಕಾಣದ ಗೇಟಿನದೇ ಹಾಡು.

ಸಿಕ್ಕಿಬಿದ್ದ! ಮೇಷ್ಟ್ರಿಗೂ ಈ ಸಲ ಆ ಕರಕರ ಸ್ಪಷ್ಟವಾಗಿ ಕೇಳಿಸಿತು. ಕಳ್ಳನನ್ನು ಹಿಡಿಯುವ ಉತ್ಸಾಹದಲ್ಲಿ ಹಾಡುತ್ತಲೇ ಕಣ್ಣು ತೆರೆದರು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಮೇಷ್ಟ್ರು ಬಾಯಿ ಮುಚ್ಚಿದರು. ಕರಕರವೂ ನಿಂತಿತು.

ಆ ಮೌನದಲ್ಲಿ ಹೊದ್ದು ಮಲಗಿದ ಯಜಮಾನರೊಬ್ಬರೇ ಅದೃಷ್ಟವಂತರಾಗಿ ಕಂಡರು.

ಅಮ್ಮಾವ್ರು ಕುರ್ಚಿಯಿಂದ ಎದ್ದರು. "ಇನ್ನೊಂದು ಸಲ ಹಾಡಿ."

"ಅಮ್ಮಾ, ಅದು..."

"ಹಾಡಿ ಅಂದೆ."

ಮೇಷ್ಟ್ರು ಒಬ್ಬರೇ ಹಾಡಿದರು. ಎರಡನೆಯ ಸಾಲಿಗೆ ಅಮ್ಮಾವ್ರ ತುಟಿ ಅದುರಿತು, ಮೂರನೆಯದಕ್ಕೆ ಕಣ್ಣೀರು ದಳದಳ ಸುರಿಯಿತು. "ಇವ್ರದ್ದೂ ಇದೇ ದನಿ" ಎಂದು ಮೇಜಿನತ್ತ ಕೈ ತೋರಿದರು. "ಮದ್ವೆ ಆದ ಮಾರನೇ ದಿನದಿಂದ ಒಂದು ಬೆಳಿಗ್ಗೆನೂ ತಪ್ಪಿಸ್ದೆ, ಸ್ನಾನದ ಮನೇಲಿ ಹೀಗೇ ಹಾಡ್ತಿದ್ರು."

ಹಾಲಿನಲ್ಲಿ ಎಲ್ಲರೂ ಮೂಗೊರೆಸಿಕೊಂಡರು. ಮ್ಯಾನೇಜರು ಮೇಷ್ಟ್ರತ್ತ ನೋಡಿ ಹೆಮ್ಮೆಯಿಂದ ತಲೆಯಾಡಿಸಿದರು. ಮೇಷ್ಟ್ರು ಬದುಕಿದೆ ಎಂದುಕೊಂಡು, ತಪ್ಪಿದ್ದ ಉಸಿರನ್ನು ಹಿಡಿದು ನಾಲ್ಕನೆಯ ಸಾಲು ಎತ್ತಿಕೊಂಡರು.

"ಸಾಕು!" ಅಮ್ಮಾವ್ರು ಸೆರಗಿನಿಂದ ಕಣ್ಣೊರೆಸಿಕೊಂಡರು. "ದೇವರು ಕಣ್ಣು ಬಿಟ್ಟ, ಇವತ್ತಿಗೆ ಮುಗೀತು ಅಂದ್ಕೊಂಡಿದ್ದೆ. ಬೆಳಿಗ್ಗೆಯಿಂದ ಮನೆ ಎಷ್ಟು ತಣ್ಣಗಿತ್ತು ಗೊತ್ತಾ?" ಎಂದು ಮ್ಯಾನೇಜರತ್ತ ತಿರುಗಿದರು. "ಇವ್ರು ಯಾವ ವಿಭಾಗ?"

"ಉಗ್ರಾಣ, ಅಮ್ಮಾವ್ರೇ."

"ಅಲ್ಲಿ ಒಬ್ರು ಸಾಕು."

ದೇಹವನ್ನು ಹೊತ್ತುಕೊಂಡು ಹೋದ ಮೇಲೆ ತಂಡದವರು ಒಬ್ಬೊಬ್ಬರಾಗಿ ತಲೆ ತಗ್ಗಿಸಿ ಜಾಗ ಖಾಲಿ ಮಾಡಿದರು. ಬರಿದಾದ ಮೇಜಿನ ಪಕ್ಕ ಮೇಷ್ಟ್ರೊಬ್ಬರೇ ನಿಂತಿದ್ದರು. ಮ್ಯಾನೇಜರು ಬಂದು ಅವರ ಹೆಗಲ ಮೇಲೆ ಕೈ ಇಟ್ಟರು.

"ಬೇಜಾರ್ ಮಾಡ್ಕೋಬೇಡಿ. ಸುಮ್ನೆ ಕಳಿಸ್ಬಿಡ್ತೀವಾ? ಶನಿವಾರ ನಿಮಗೊಂದು ಒಳ್ಳೇ ಬೀಳ್ಕೊಡುಗೆ ಇಟ್ಕೊಳ್ಳೋಣ." ಎರಡು ಹೆಜ್ಜೆ ಹೋದವರು ಏನೋ ಹೊಳೆದು ನಿಂತು ತಿರುಗಿದರು. "ಅದಕ್ಕೊಂದು ಹಾಡು ಬೇಕಲ್ಲ, ಅಷ್ಟರೊಳಗೆ ತಂಡಾನ ತಯಾರು ಮಾಡ್ಬಿಡಿ. ನಿಮ್ಮನ್ನ ಬಿಟ್ರೆ ಇಲ್ಲಿ ಶ್ರುತಿ ಗೊತ್ತಿರೋರು ಯಾರಿದಾರೆ ಹೇಳಿ?"