ಸವಾರಿ ವಿಮಾನ, ಮಾಲಿನ ವಿಮಾನ

ನನಗೊಂದು ಚಟವಿದೆ. ನನಗೇ ಅರೆಬರೆ ಗೊತ್ತಿರುವುದನ್ನು ಇನ್ನೊಬ್ಬರಿಗೆ ಪೂರ್ತಿ ತಿಳಿಸಿಕೊಡುವ ಚಟ. ತಂಬಾಕಿನ ಚಟವಾದರೆ ಹಾಕುವವನ ಹಲ್ಲು ಕೆಡುತ್ತದೆ. ನನ್ನ ಚಟದಿಂದ ಕೆಡುವುದು ಕೇಳುವವರ ಬಾಳು. ಮನೆಗೆ ಮೊದಲ ಸಲ ಕುಕ್ಕರ್ ತಂದಾಗ ದೊಡ್ಡವ್ವನಿಗೆ ‘ಇದು ರೈಲಿನ ಎಂಜಿನ್ ಇದ್ದ ಹಾಗೆ’ ಎಂದು ವಿವರಿಸಿದ್ದೆ. ಅದು ಸೀಟಿ ಹೊಡೆದಾಗಲೆಲ್ಲ ಆಕೆ ಮೊಮ್ಮಕ್ಕಳನ್ನು ಬಾಚಿಕೊಂಡು, ಗೋಡೆಗೆ ಆತು ನಿಂತು ದಾರಿ ಬಿಡುತ್ತಿದ್ದಳು. ಒಲೆ ಆರಿಸುವವರಿಲ್ಲದೆ ಅನ್ನ ಸೀಯುತ್ತಿತ್ತು. ಆದರೂ ನನಗೆ ಬುದ್ಧಿ ಬರಲಿಲ್ಲ.

ತೊಂಬತ್ತರ ದಶಕದ ಮಾತು. ಕಲಬುರಗಿಯವರಿಗೆ ಆಗ ವಿಮಾನವೆಂದರೆ ಅಂಗಳಕ್ಕೆ ಓಡಿಬಂದು ಕತ್ತೆತ್ತಿ ನೋಡುವ ವಸ್ತು. ಅಂಥದ್ದರಲ್ಲಿ ಕೋಟೆಯ ಹತ್ತಿರವಿರುವ ನಮ್ಮ ಅಕ್ಕನ ಮಗ ಶರಣು ಪೈಲಟ್ ಆಗಿ ಬಂದ. ಒಟ್ಟಿಗೇ ಎರಡು ಕಡೆಯಿಂದ ಕರೆಯೂ ಬಂತು. ಒಂದು ಜನರನ್ನು ಒಯ್ಯುವ ಕಂಪನಿ, ಇನ್ನೊಂದು ಬರೀ ಸಾಮಾನು ಒಯ್ಯುವ ಕಂಪನಿ. ಅವನ ಮನಸ್ಸು ಎರಡನೆಯದರ ಮೇಲೆ. “ತಡ ಆತಂತ ಸಾಮಾನು ಜಗಳ ತಗಿಯೂದಿಲ್ಲ, ಮಾಮಾ” ಎಂದ. ಅದೇ ಹೊತ್ತಿಗೆ ಕಮಲಾಪುರದ ಬಾಳೆಹಣ್ಣಿನ ವ್ಯಾಪಾರಿ ಗುರುಲಿಂಗಪ್ಪನವರ ಮಗಳು ಮಹಾದೇವಿಯೊಡನೆ ಅವನ ಮದುವೆಯ ಮಾತು ನಡೆದಿತ್ತು. ಹುಡುಗ, ಹುಡುಗಿ ಒಬ್ಬರನ್ನೊಬ್ಬರು ಒಪ್ಪಿಯಾಗಿತ್ತು. ಹಿರಿಯರು ಹೂಂ ಅನ್ನುವುದಷ್ಟೇ ಬಾಕಿ. “ಅವರಿಗೆ ಈ ನೌಕರಿ ವಿಷಯ ಜರಾ ತಿಳಿಸಿ ಹೇಳಿ ಬಾ” ಎಂದು ಅಕ್ಕ ನನ್ನನ್ನು ಕಳಿಸಿದಳು. ತಿಳಿಸಿ ಹೇಳಲು, ನನ್ನನ್ನು!

ಕಮಲಾಪುರದಲ್ಲಿ ಗುರುಲಿಂಗಪ್ಪನವರ ಮನೆಯ ಮುಂದೆಯೇ ಹಮಾಲರು ಕೆಂಪು ಬಾಳೆಯ ಗೊನೆಗಳನ್ನು ಕಾಟಾದ ಮೇಲಿಟ್ಟು ತೂಗಿ ಲಾರಿಗೆ ಏರಿಸುತ್ತಿದ್ದರು. ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ ನಾನು ಸುಲಭವಾಗಿ ವಿವರಿಸಿದೆ: “ಒಂದು ಬಸ್ ಇದ್ದಂಗ ನೋಡ್ರಿ. ಇನ್ನೊಂದು ಲಾರಿ ಇದ್ದಂಗ. ಹುಡುಗ ಲಾರಿ ಅಂತಾನ.”

ಬಾಯಿಗೆ ಹೊರಟಿದ್ದ ಗುರುಲಿಂಗಪ್ಪನವರ ಚಹಾದ ಬಸಿ ಅರ್ಧ ದಾರಿಯಲ್ಲೇ ನಿಂತಿತು. “ಅಂದ್ರ ಹುಡುಗ ಲಾರಿ ಡ್ರೈವರ್ ಏನ್ರೀ?”

“ಅಲ್ರೀ, ಇದು ಮ್ಯಾಲ ಹಾರತದ...”

“ನಮ್ಮ ಡ್ರೈವರ್‌ಗಳೂ ಹಾರಸ್ತಾರ!”

ಅಡಕೆ ಕತ್ತರಿಸುತ್ತಿದ್ದ ಅವರ ತಾಯಿ ಬಸಮ್ಮ ಆಯಿ ಕೈ ನಿಲ್ಲಿಸಿದರು. “ಕ್ಲೀನರ್ ಇರ್ತಾನೇನು?”

“ಬಾಜೂಕ ಇನ್ನೊಬ್ಬ ಪೈಲಟ್ ಇರ್ತಾನ ಆಯಿ.”

“ಅವನಽ ಕ್ಲೀನರ್. ನಿದ್ದಿ ಬಂದ್ರ ಗಾಡಿ ಎಲ್ಲಿ ಹಚ್ಚಿ ನಿಲ್ಲಸ್ತಾರ?”

“ಮ್ಯಾಲ ಎಲ್ಲೂ ಹಚ್ಚಾಕ ಬರೂದಿಲ್ಲ.”

“ಢಾಬಾ?”

“ಇಲ್ಲ.”

“ಹಂಗಾರ ಲಾರಿಗಿಂತ ಕಡೆ ಆತಲ್ಲೋ ತಮ್ಮಾ!”

ಗಾಬರಿಯಲ್ಲಿ ನಾನು ಹೋಲಿಕೆಯನ್ನೇ ಬದಲಿಸಿದೆ. “ಲಾರಿ ಅಂದ್ರ ಲಾರಿ ಅಲ್ರೀ, ಗೂಡ್ಸ್ ಗಾಡಿ ಅನ್ಕೋರಿ.” ಆಯಿಯ ಕಣ್ಣು ಇನ್ನಷ್ಟು ಅಗಲವಾಯಿತು. “ಸಿಗ್ನಲ್ ಸಿಗಲಾರದ ನಿಂತಽ ಬಿಡ್ತದಲ್ಲ, ಅದಾ? ಮ್ಯಾಲ ಹಂಗ ನಿಂತ್ರ ನಮ್ಮ ಹುಡುಗಿ ಗತಿ ಏನು?”

ಗುರುಲಿಂಗಪ್ಪನವರು ಬಸಿ ಕೆಳಗಿಟ್ಟು ತೀರ್ಪು ಕೊಟ್ಟರು. “ಹುಡುಗ ಮಂದಿ ಒಯ್ಯೂ ಸವಾರಿ ವಿಮಾನ ಹಿಡದ್ರ ಮದುವಿ. ಮಾಲಿಂದು ಹಿಡದ್ರ ಇಲ್ಲ. ಹೋಗಿ ಹೇಳ್ರಿ.” ಹುಡುಗನ ನೌಕರಿ ಉಳಿದರೆ ಹುಡುಗಿ ಇಲ್ಲ, ಹುಡುಗಿ ಉಳಿದರೆ ನೌಕರಿ ಇಲ್ಲ, ಒಂದು ಕಪ್ ಚಹಾ ಮುಗಿಯುವುದರೊಳಗೆ ಇಷ್ಟು ಸಾಧಿಸಿದ್ದೆ.

ಆಗ ಮಹಾದೇವಿ ಕಪ್-ಬಸಿ ಒಯ್ಯಲು ಬಂದಳು. “ಅಪ್ಪಾ, ಬಾಳಿ ಲಾರಿ ಹೈದರಾಬಾದಿಗೆ ಹೊಂಟ್ರ ಗೊರಕಿ ಹೊಡಿತಿ. ನಾ ಹಾಸ್ಟೆಲಿಗೆ ಬಸ್ಸಿನಾಗ ಹೊಂಟ್ರ, ಮುಟ್ಟೋತನಾ ಒದ್ದಾಡ್ತಿ. ನಿನಗ ಭರವಸಾ ಯಾರ ಮ್ಯಾಲ ಅದ, ಬಸ್ಸಿನ ಡ್ರೈವರ್ ಮ್ಯಾಲೋ ಲಾರಿ ಡ್ರೈವರ್ ಮ್ಯಾಲೋ?”

ಗುರುಲಿಂಗಪ್ಪನವರು ಲಾರಿಯನ್ನು ನೋಡಿದರು. ಮಗಳನ್ನು ನೋಡಿದರು. ಮತ್ತೆ ಲಾರಿಯನ್ನು ನೋಡಿದರು. “ಖರೇ ಅದ” ಎಂದರು ಕೊನೆಗೆ. “ಮಂದಿ ಇಳದು ತಮ್ಮ ಮನಿಗೆ ತಾವಽ ನಡಕೋತ ಹೋಗ್ತಾರ. ಮಾಲು ಹಂಗಲ್ಲ, ಕೈಯಾಗ ಒಪ್ಪಸಬೇಕು. ಜವಾಬ್ದಾರಿ ಕೆಲಸ. ಹುಡುಗ ಶಾಣ್ಯಾ ಇದ್ದಾನ.” ಬಸಮ್ಮ ಆಯಿಯದು ಒಂದೇ ಷರತ್ತು: ವಿಮಾನದ ಮೂತಿಗೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಬೇಕು. ಕಂಪನಿಯ ಪರವಾಗಿ ನಾನೇ ಒಪ್ಪಿಕೊಂಡುಬಿಟ್ಟೆ.

ಎಲ್ಲರ ಬಾಯಿಗೂ ಸಕ್ಕರೆ ಬಿತ್ತು. ನನಗೊಬ್ಬನಿಗೇ ಅದು ಸಪ್ಪೆ. ಯಾಕೆಂದರೆ, ಪೈಲಟ್‌ನ ಸೋದರಮಾವನಾಗಿ ಇನ್ನು ಪುಕ್ಕಟೆ ಹಾರುತ್ತೇನೆಂದು ಆಫೀಸಿನಲ್ಲೆಲ್ಲ ಸಾರಿಬಿಟ್ಟಿದ್ದೆ. ಕಿಟಕಿಯ ಪಕ್ಕದ ಸೀಟೇ ಬೇಕು ಎಂದೂ ನಿಶ್ಚಯಿಸಿದ್ದೆ. ಈಗ ಕಿಟಕಿಯೂ ಇಲ್ಲ, ಸೀಟೂ ಇಲ್ಲ.

“ಯಾಕ್ರೀ ಬೀಗ್ರ, ಮಾರಿ ಸಣ್ಣದಾತು?” ಎಂದರು ಗುರುಲಿಂಗಪ್ಪನವರು. ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಇಷ್ಟಽ ಏನು? ಫಿಕರ್ ಮಾಡಬ್ಯಾಡ್ರಿ. ಬರ್ರಿ, ನಮ್ಮ ಕಾಟಾದ ಮ್ಯಾಲ ನಿಂದರ್ರಿ. ತೂಕ ಹಾಕಿ ಮಾಲಿನ ಲೆಕ್ಕದಾಗ ಕಳಿಸಿಬಿಡೂಣು!”

ಅದು ಬೀಗರ ತಮಾಷೆಯೆಂದು ಹಮಾಲರಿಗೂ ಗೊತ್ತಾಯಿತು, ಆಯಿಗೂ ಗೊತ್ತಾಯಿತು. ನನಗೆ ಗೊತ್ತಾಗುವಷ್ಟರಲ್ಲಿ ನಾನು ಚಪ್ಪಲಿ ಬಿಟ್ಟು, ಜೇಬಿನ ಬೀಗದ ಕೈ ತೆಗೆದಿಟ್ಟು, ತೂಕ ಆದಷ್ಟು ಕಡಿಮೆ ಬರಲೆಂದು ಉಸಿರು ಬಿಗಿಹಿಡಿದು, ಎರಡು ಬಾಳೆಗೊನೆಗಳ ನಡುವೆ ಕಾಟಾದ ಮೇಲೆ ನಿಂತಾಗಿತ್ತು.